ಗ್ಯಾಸ್ ಎಲ್ಲಿಗೆ ಹೋಯಿತು?

ಮಾರ್ಚ್ ತಿಂಗಳ ಎರಡನೇ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕರೆ ಮಾಡುವವರು ಬೇರೆ ಬೇರೆ, ಕೇಳುವುದು ಮಾತ್ರ ಒಂದೇ: ‘ಅಣ್ಣಾ, ಕಾರಿಗೆ ಗ್ಯಾಸ್ ಹಾಕೋಕೆ ಎಷ್ಟಾಗ್ತೈತೆ?’ ದವಾಖಾನೆಗೆ ಕಾಲಿಡುತ್ತಲೇ ಕೆಲವರು ‘ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡ್ರಿ’ ಅನ್ನುತ್ತಾರಲ್ಲ, ಹಾಗೆ. ರೋಗ ಯಾವುದೆಂದು ನೋಡುವ ಮೊದಲೇ ಮದ್ದು ನಿಶ್ಚಯವಾಗಿರುತ್ತದೆ.

ಬಳ್ಳಾರಿಯ ಅನಂತಪುರ ರಸ್ತೆಯಲ್ಲಿ ಕಾರಿನ ಎಸಿ ರಿಪೇರಿ ಮಾಡುತ್ತಾ ನನಗೆ 24 ವರ್ಷವಾಯಿತು. ಅದಕ್ಕೂ ಮೊದಲು ಕೌಲ್ ಬಜಾರಿನ ಒಬ್ಬ ಉಸ್ತಾದರ ಕೈಕೆಳಗೆ ನಾಲ್ಕು ವರ್ಷ ಸ್ಪಾನರ್ ಎತ್ತಿಕೊಟ್ಟಿದ್ದೇನೆ. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ಆ ತಮಾಷೆಯೇ ನನಗೆ ಅನ್ನ.

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಸಿರುಗುಪ್ಪ ಕಡೆಯಿಂದ ಒಬ್ಬ ಹೈಸ್ಕೂಲು ಮೇಷ್ಟ್ರು ಬಂದರು. ಎಂಟು ವರ್ಷದ ಸಣ್ಣ ಕಾರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಸಿ ಹಾಕಿದರೆ ಬೀಸುತ್ತಿದ್ದದ್ದು ಒಲೆ ಮುಂದೆ ಕುಳಿತಾಗ ಬರುವಂಥ ಗಾಳಿ.

‘ಗ್ಯಾಸ್ ಖಾಲಿಯಾಗೈತೆ, ಹಾಕಿಬಿಡಪ್ಪ’ ಅಂದರು.

‘ಹಿಂದೆ ಯಾವಾಗ ಹಾಕ್ಸಿದ್ರಿ ಸಾರ್?’

‘ಹೋದ ಬೇಸಿಗೇಲಿ ಒಂದ್ಸಲ, ದಸರಾ ಟೈಮಲ್ಲಿ ಒಂದ್ಸಲ, ಈ ಸಂಕ್ರಾಂತಿ ಆದ್ಮೇಲೆ ಇನ್ನೊಂದ್ಸಲ.’

‘ಹಂಗಾದ್ರೆ ಮೂರು ಸಲ ಹಾಕಿದ್ದು ಎಲ್ಲಿಗೋಯ್ತು?’

ಮೇಷ್ಟ್ರು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. ‘ಖರ್ಚಾಗಿರ್ತೈತೆ. ಪೆಟ್ರೋಲು ಖರ್ಚಾಗಲ್ವಾ?’

ಈ ಲೇಖನ ಬರೆಯಲು ಕೂತದ್ದೇ ಆ ಮಾತಿಗೆ ಉತ್ತರ ಕೊಡಲು. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿಯುವುದಿಲ್ಲ, ಎಂಜಿನ್ ಆಯಿಲಿನ ಹಾಗೆ ಹಳತಾಗುವುದಿಲ್ಲ. ಮುಚ್ಚಿದ ಕೊಳವೆಗಳ ಒಳಗೆ ಅದು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ರಬ್ಬರು ಹೋಸುಗಳ ಮೂಲಕ, ಜಾಯಿಂಟುಗಳ ಮೂಲಕ ವರ್ಷಕ್ಕೆ ಕೆಲವು ಗ್ರಾಂ ಆವಿಯಾಗಿ ಹೋಗುವುದುಂಟು, ಅದು ಸಹಜ. ಆದರೆ ಮೂರು ತಿಂಗಳಲ್ಲಿ ಖಾಲಿಯಾಯಿತೆಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸ್ ತುಂಬುವುದು ಒಡಕು ಕೊಡದಲ್ಲಿ ನೀರು ಹೊತ್ತಂತೆ. ಇನ್ನೂ ಒಂದು ಮಾತಿದೆ. ಬಿಸಿಗಾಳಿ ಬಂದ ಕಾರಿಗೆಲ್ಲ ಗ್ಯಾಸೇ ಕಡಿಮೆಯಾಗಿರಬೇಕೆಂದೂ ಇಲ್ಲ.

ಮಡಕೆ ಮತ್ತು ಕುಕ್ಕರು

ಎಸಿ ತಂಪನ್ನು ತಯಾರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮಾಡುವುದು ಹಮಾಲಿ ಕೆಲಸ. ಕಾರಿನ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ.

ಮಡಕೆಯ ನೀರು ಏಕೆ ತಣ್ಣಗಿರುತ್ತದೆ? ಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ. ಸೂಜಿ ಹಾಕುವ ಮುಂಚೆ ನರ್ಸು ಸ್ಪಿರಿಟ್ ಹಚ್ಚಿದರೆ ತೋಳು ತಣ್ಣಗಾಗುವುದೂ ಇದೇ ಲೆಕ್ಕದಿಂದ. ನಮ್ಮ ಕಾರುಗಳಲ್ಲಿ ಹೆಚ್ಚಾಗಿರುವ ಆರ್-134ಎ ಎಂಬ ಗ್ಯಾಸ್ ಸ್ಪಿರಿಟ್ಟಿಗಿಂತ ನೂರು ಪಾಲು ಚುರುಕು. ಬಯಲಿಗೆ ಬಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಸಣ್ಣ ಜಾಲರಿಯಿದೆ. ಗ್ಯಾರೇಜಿನಲ್ಲಿ ನಾವು ಅದನ್ನು ಕೂಲಿಂಗ್ ಕಾಯಿಲ್ ಅನ್ನುತ್ತೇವೆ. ಅದರೊಳಗೆ ಈ ದ್ರವ ಎರಡು ಮೂರು ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತಾ ಕಾರಿನ ಬಿಸಿಯನ್ನು ಹೀರುತ್ತದೆ. ಬ್ಲೋಯರ್ ಆ ಜಾಲರಿಯ ಮೂಲಕ ಗಾಳಿ ದೂಡುತ್ತದೆ. ನಮಗೆ ತಂಪು.

ಹೀರಿದ ಬಿಸಿಯನ್ನು ಹೊರಗೆ ಎಸೆಯಬೇಕಲ್ಲ? ಅಲ್ಲಿ ಕುಕ್ಕರಿನ ಪಾಠ ಬರುತ್ತದೆ. ಕುಕ್ಕರಿನಲ್ಲಿ ಒತ್ತಡ ಏರಿದರೆ ನೀರು ಕುದಿಯುವ ಮಟ್ಟವೂ ಏರುತ್ತದೆ, ಬೇಳೆ ಬೇಗ ಬೇಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಒತ್ತಿ 200ರಿಂದ 250 ಪಿಎಸ್‌ಐಗೆ ಏರಿಸುತ್ತದೆ. ಆ ಒತ್ತಡದಲ್ಲಿ ಗ್ಯಾಸ್ 60 ಡಿಗ್ರಿಯ ಸುತ್ತಮುತ್ತಲೇ ದ್ರವವಾಗಬಲ್ಲದು. ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರ್‌ಗೆ ಅದು ಬಂದಾಗ ನಮ್ಮ ಬಳ್ಳಾರಿಯ 42 ಡಿಗ್ರಿ ಗಾಳಿಯೂ ಅದರ ಪಾಲಿಗೆ ತಂಗಾಳಿ! ಬಿಸಿ ಬಿಟ್ಟುಕೊಟ್ಟು ಗ್ಯಾಸ್ ದ್ರವವಾಗುತ್ತದೆ. ಡ್ರೈಯರ್ ಎಂಬ ಡಬ್ಬಿಯಲ್ಲಿ ತೇವ, ಕಸ ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಜಿಗಣ್ಣಿನಿಂದ ನುಗ್ಗಿ, ಒತ್ತಡ ಇಳಿದು, ಮತ್ತೆ ಕೂಲಿಂಗ್ ಕಾಯಿಲ್‌ಗೆ ಬರುತ್ತದೆ. ಎಸಿ ಓಡುವಷ್ಟು ಹೊತ್ತೂ ಇದೇ ಪ್ರದಕ್ಷಿಣೆ.

ಈ ಸುತ್ತು ಮನಸ್ಸಿನಲ್ಲಿ ನಿಂತರೆ ಅರ್ಧ ರಿಪೇರಿ ಮುಗಿದ ಹಾಗೆ. ಗಾಳಿ ಬಿಸಿಯಾಗಿದೆಯೆಂದರೆ ಬಿಸಿಯನ್ನು ಒಳಗೆ ಹೀರುತ್ತಿಲ್ಲ, ಅಥವಾ ಹೊರಗೆ ಎಸೆಯುತ್ತಿಲ್ಲ, ಅಥವಾ ಹೊತ್ತೊಯ್ಯುವ ಹಮಾಲಿ ನಿಂತಿದ್ದಾನೆ. ಇವು ಮೂರೂ ಸರಿಯಿದ್ದರೆ, ತಂಪಾದ ಗಾಳಿಗೆ ಯಾರೋ ಬಿಸಿ ಬೆರೆಸುತ್ತಿದ್ದಾರೆ.

ಪುಕ್ಕಟೆ ಪರೀಕ್ಷೆ ಮೊದಲು

ಉಸ್ತಾದರಿಗೆ ಒಂದು ನಿಯಮವಿತ್ತು. ‘ಬೇಟಾ, ಪುಕ್ಕಟೆ ಪರೀಕ್ಷೆ ಮೊದಲು, ರೊಕ್ಕದ ಪರೀಕ್ಷೆ ಆಮೇಲೆ.’ ಗೇಜಿಗೆ ಕೈ ಹಾಕುವ ಮೊದಲು ಕಣ್ಣು, ಕಿವಿ, ಕೈ ಕೆಲಸ ಮಾಡಬೇಕು. ಆ ಪರೀಕ್ಷೆಗಳನ್ನು ಕಾರಿನ ಮಾಲೀಕರೂ ಮಾಡಬಹುದು.

ಮೊದಲಿಗೆ ನಾಬು. ನಗಬೇಡಿ. ಒಮ್ಮೆ ರಾಯಚೂರಿನಿಂದ ಮದುವೆಗೆ ಬಂದ ಕುಟುಂಬವೊಂದು ಬೆವರಿನಲ್ಲಿ ತೊಯ್ದು ನೇರ ನನ್ನ ಗ್ಯಾರೇಜಿಗೇ ಬಂತು. ರೇಷ್ಮೆ ಸೀರೆಯ ಅಜ್ಜಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತಿದ್ದ ಮೊಮ್ಮಗ ಆಟವಾಡುತ್ತಾ ತಾಪಮಾನದ ನಾಬನ್ನು ಕೆಂಪಿನ ಕಡೆಗೆ ತಿರುಗಿಸಿದ್ದ. ನೀಲಿಗೆ ತಿರುಗಿಸಿದೆ, ಆಯಿತು. ಅಜ್ಜಿ ಕೊಟ್ಟ ಎರಡು ಬೂಂದಿ ಉಂಡೆಯೇ ನನ್ನ ಫೀಜು.

ಎರಡನೆಯದು ಗಾಳಿಯ ರಭಸ. ಗಾಳಿ ತಣ್ಣಗಿದೆ, ಆದರೆ ಬರುವುದೇ ಇಲ್ಲ ಅನ್ನುವಂತಿದ್ದರೆ ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸಿನ ಹಿಂದೆ ಕ್ಯಾಬಿನ್ ಫಿಲ್ಟರ್ ಇರುತ್ತದೆ. ಬಿಳಿಯಿರಬೇಕಾದ ಅದು ನಮ್ಮಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವ ಕಾರಾದರೆ ಕೇಳುವುದೇ ಬೇಡ. ಅದಿರಿನ ಕೆಂಧೂಳು ಒಳಗೆ ಪದರು ಪದರಾಗಿ ಕೂತಿರುತ್ತದೆ.

ಮೂರನೆಯದು ಕಿವಿಯ ಕೆಲಸ. ಎಂಜಿನ್ ಚಾಲೂ ಇಟ್ಟು, ಬಾನೆಟ್ ಎತ್ತಿ, ಒಳಗಿರುವವರಿಗೆ ಎಸಿ ಬಟನ್ ಒತ್ತಲು ಹೇಳಿ. ಕಂಪ್ರೆಸರಿನ ಮೂತಿಯಲ್ಲಿ ಒಂದು ವಿದ್ಯುತ್ ಕ್ಲಚ್ ಇದೆ. ‘ಟಕ್’ ಎಂಬ ಸದ್ದಿನೊಂದಿಗೆ ಅದು ಪುಲ್ಲಿಯನ್ನು ಹಿಡಿದುಕೊಳ್ಳಬೇಕು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರುಗಳಿಗೆ ಮೊದಲ ಬಾರಿಗೆ ಎಸಿ ಕೂರಿಸಿದಾಗ ಈ ಕ್ಲಚ್ ಇರಲಿಲ್ಲ. ಎಸಿ ಬೇಡವಾದರೆ ಎಂಜಿನ್ ಆರಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕಿತ್ತಂತೆ! ಈಗಿನ ಕೆಲವು ಕಾರುಗಳಲ್ಲಿ ಮತ್ತೆ ಕ್ಲಚ್ ಇಲ್ಲದ ಕಂಪ್ರೆಸರ್ ಬಂದಿದೆ, ಅವುಗಳ ಕಥೆ ಬೇರೆ. ಕ್ಲಚ್ ಇರುವ ಕಾರಿನಲ್ಲಿ ‘ಟಕ್’ ಕೇಳದಿದ್ದರೆ ಫ್ಯೂಸ್, ರಿಲೇ, ವೈರು ನೋಡಬೇಕು. ನಮ್ಮಲ್ಲಿ ಈ ವೈರುಗಳ ದೊಡ್ಡ ಶತ್ರು ಇಲಿ. ಇನ್ನೊಂದು ಕಾರಣವೂ ಇರಬಹುದು. ಗ್ಯಾಸ್ ತೀರಾ ಇಳಿದಿದ್ದರೆ ಪ್ರೆಷರ್ ಸ್ವಿಚ್ ಎಂಬ ಕಾವಲುಗಾರ ಕ್ಲಚ್ಚಿಗೆ ವಿದ್ಯುತ್ತನ್ನೇ ಬಿಡುವುದಿಲ್ಲ. ಕಂಪ್ರೆಸರಿಗೆ ಬೇಕಾದ ಆಯಿಲ್ ಗ್ಯಾಸಿನ ಜೊತೆಗೇ ಸುತ್ತುವುದರಿಂದ, ಗ್ಯಾಸ್ ಇಲ್ಲದೆ ಓಡಿದರೆ ಅದು ಒಣಗಿ ಸುಟ್ಟುಹೋಗುತ್ತದೆ. ‘ಸ್ವಿಚ್ಚಿಗೆ ಒಂದು ವೈರು ಶಾರ್ಟ್ ಮಾಡಿ ಓಡ್ಸು’ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಅವರು ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಿಡುತ್ತಿದ್ದಾರೆ.

ನಾಲ್ಕನೆಯದು ನನಗೆ ಅಚ್ಚುಮೆಚ್ಚು. ಎಸಿ ಐದು ನಿಮಿಷ ಓಡಿದ ಮೇಲೆ ಎಂಜಿನ್ ಆರಿಸಿ, ಕ್ಯಾಬಿನ್ನಿನ ಗೋಡೆಯೊಳಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪುಗಳನ್ನು ಮೆಲ್ಲಗೆ ಮುಟ್ಟಿ ನೋಡಿ. ದಪ್ಪ ಪೈಪು ಮಂಜುಗಡ್ಡೆ ಮುಟ್ಟಿದ ಹಾಗೆ ತಣ್ಣಗೆ, ಬೆವರಿರಬೇಕು. ಸಣ್ಣ ಪೈಪು ಬಿಸಿ ಇರಬೇಕು. ಕಂಪ್ರೆಸರಿನಿಂದ ನೇರ ಹೊರಡುವ ಪೈಪನ್ನು ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ. ದಪ್ಪ ಪೈಪು ತಣ್ಣಗಿದ್ದೂ ಗಾಳಿ ಬಿಸಿ ಬರುತ್ತಿದೆಯೋ? ಹಾಗಾದರೆ ಬಾನೆಟ್ಟಿನ ಕೆಳಗೆ ಎಲ್ಲವೂ ಸರಿಯಿದೆ, ತಪ್ಪು ಡ್ಯಾಶ್‌ಬೋರ್ಡಿನೊಳಗೆ. ಅಲ್ಲಿ ತಂಪು ಗಾಳಿ, ಹೀಟರಿನ ಬಿಸಿ ಗಾಳಿ ಎರಡನ್ನೂ ಬೆರೆಸುವ ಒಂದು ಸಣ್ಣ ಬಾಗಿಲಿದೆ. ಅದನ್ನು ಆಡಿಸುವ ಕೇಬಲ್ ಅಥವಾ ಪುಟ್ಟ ಮೋಟಾರು ಕೆಟ್ಟಿರುತ್ತದೆ. ಇಂಥ ಕಾರಿಗೆ ಎಷ್ಟು ಗ್ಯಾಸ್ ತುಂಬಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಓಡಿದರೆ ತಂಪು, ನಿಂತರೆ ಬಿಸಿ

ಗಿರಾಕಿ ಬಂದಾಗ ನಾನು ‘ಏನಾಗಿದೆ’ ಎಂದು ಕೇಳುವುದಕ್ಕಿಂತ ‘ಯಾವಾಗ ಆಗುತ್ತದೆ’ ಎಂದು ಕೇಳುವುದೇ ಹೆಚ್ಚು. ರೋಗದ ವೇಳೆಯೇ ರೋಗದ ಹೆಸರು ಹೇಳುತ್ತದೆ.

‘ಹೊಸಪೇಟೆ ರೋಡಲ್ಲಿ ಹೋಗ್ತಿದ್ರೆ ಚಳಿ ಆಗ್ತೈತೆ, ಸಿಗ್ನಲ್ಲಲ್ಲಿ ನಿಂತ್ರೆ ಬೆವರು ಕೀಳ್ತೈತೆ’ ಅಂದರೆ ನನ್ನ ಕಣ್ಣು ಕಂಡೆನ್ಸರ್ ಕಡೆಗೆ ಹೋಗುತ್ತದೆ. ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಫ್ಯಾನ್ ತಿರುಗುತ್ತಿಲ್ಲ, ಇಲ್ಲವೇ ಜಾಲರಿ ಧೂಳಿನಿಂದ ಕಟ್ಟಿದೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಎಸಿ ಹಾಕಿ ಕಾರು ನಿಲ್ಲಿಸಿ, ಕಂಡೆನ್ಸರ್ ಮೇಲೆ ನಿಧಾನವಾಗಿ ಒಂದು ಕೊಡ ನೀರು ಹುಯ್ಯಿರಿ. ನಿಮಿಷದೊಳಗೆ ಒಳಗೆ ಗಾಳಿ ತಣ್ಣಗಾದರೆ ಕಳ್ಳ ಸಿಕ್ಕಿಬಿದ್ದ. ಕಂಡೆನ್ಸರ್ ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪನ್ನು ಹತ್ತಿರ ಹಿಡಿಯಬಾರದು. ಅದರ ರೆಕ್ಕೆಗಳು ಹಪ್ಪಳಕ್ಕಿಂತ ತೆಳು, ಮಡಚಿಕೊಂಡರೆ ಗಾಳಿಯ ದಾರಿ ಮುಚ್ಚಿತು.

‘ಎರಡು ಗಂಟೆ ಚೆನ್ನಾಗಿರ್ತೈತೆ, ಆಮೇಲೆ ಗಾಳೀನೇ ಬರಲ್ಲ. ಹಿರಿಯೂರಲ್ಲಿ ಟೀ ಕುಡಿದು ಬಂದ್ರೆ ಮತ್ತೆ ಸರಿ’ ಎಂದು ಬೆಂಗಳೂರಿಗೆ ಬಾಡಿಗೆ ಓಡಿಸುವ ಚಾಲಕರೊಬ್ಬರು ಹೇಳಿದ್ದರು. ಅವರ ಕೂಲಿಂಗ್ ಕಾಯಿಲ್ ಮೇಲೆ ಹಿಮ ಕಟ್ಟುತ್ತಿತ್ತು. ಕಾಯಿಲ್ ತೀರಾ ತಣ್ಣಗಾದಾಗ ಕಂಪ್ರೆಸರನ್ನು ನಿಲ್ಲಿಸಬೇಕಾದ ಸೆನ್ಸರ್ ಸುಮ್ಮನಿತ್ತು. ಟೀ ಕುಡಿಯುವ ಹೊತ್ತಿನಲ್ಲಿ ಹಿಮ ಕರಗುತ್ತಿತ್ತು. ಗ್ಯಾಸ್ ಇರಬೇಕಾದಷ್ಟೇ ಇತ್ತು.

ನಾನು ಮಾಡಿದ ತಪ್ಪು

ಬುದ್ಧಿ ಹೇಳುವವನು ತನ್ನ ತಪ್ಪನ್ನೂ ಹೇಳಬೇಕು. ಉಸ್ತಾದರ ಬಳಿ ಮೂರನೇ ವರ್ಷ, ಅವರು ಊರಲ್ಲಿಲ್ಲದಾಗ ಒಬ್ಬ ಡಾಕ್ಟರರ ಕಾರು ಬಂತು. ಬೆಳಗ್ಗೆ ಎಸಿ ಚೆನ್ನ. ಒಂದು ಗಂಟೆ ಓಡಿಸಿ, ಎಂಜಿನ್ ಕಾದ ಮೇಲೆ ಬಿಸಿಗಾಳಿ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ತಂಪು. ನಾನು ಗೇಜು ಹಾಕಿದೆ, ಸರಿಯಿತ್ತು. ಮತ್ತೇನಿರುತ್ತದೆ, ಕಂಪ್ರೆಸರ್ ಹೋಗಿದೆ ಎಂದು ತೀರ್ಪು ಕೊಟ್ಟು ಹೊಸದನ್ನು ಹಾಕಿದೆ. ಎಸಿ ಸರಿಯಾಯಿತು. ಡಾಕ್ಟರರು ದೊಡ್ಡ ಮೊತ್ತ ಎಣಿಸಿ ಕೊಟ್ಟು ಬೆನ್ನು ತಟ್ಟಿ ಹೋದರು.

ಮೂರು ದಿನದ ನಂತರ ಬಂದ ಉಸ್ತಾದರು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ರೆಸರನ್ನು ಎತ್ತಿಕೊಂಡು ಕ್ಲಚ್ಚಿನ ಸಂದಿಗೆ ಫೀಲರ್ ಗೇಜಿನ ಪಟ್ಟಿ ತೂರಿಸಿದರು. ಆ ಸಂದಿ ಅರ್ಧ ಮಿಲಿಮೀಟರಿನ ಆಸುಪಾಸು ಇರಬೇಕು. ಸವೆದು ಸವೆದು ಅದರ ಎರಡರಷ್ಟಾಗಿತ್ತು. ಕ್ಲಚ್ಚಿನ ಕಾಯಿಲ್ ತಣ್ಣಗಿದ್ದಾಗ ಅಯಸ್ಕಾಂತಕ್ಕೆ ಬಲವಿರುತ್ತದೆ, ಅಷ್ಟು ದೂರದಿಂದಲೂ ಎಳೆಯುತ್ತದೆ. ಕಾದಾಗ ಬಲ ತಗ್ಗುತ್ತದೆ, ಎಳೆಯಲಾಗದು. ಉಸ್ತಾದರು ನಡುವಿನ ಬೋಲ್ಟ್ ಬಿಚ್ಚಿ, ಒಳಗಿದ್ದ ಕಾಗದದಷ್ಟು ತೆಳು ವಾಷರೊಂದನ್ನು ತೆಗೆದು, ಮತ್ತೆ ಬಿಗಿದು, ಬ್ಯಾಟರಿ ತಾಗಿಸಿದರು. ಟಕ್! ಏನೂ ಬೈಯಲಿಲ್ಲ. ಆ ವಾಷರನ್ನು ನನ್ನ ಅಂಗೈಯಲ್ಲಿಟ್ಟು, ‘ಇದರ ರೇಟು ಎಷ್ಟು ಹೇಳು’ ಅಂದರು. ಮರುದಿನ ಡಾಕ್ಟರರ ಮನೆಗೆ ಹೋಗಿ, ನಡೆದದ್ದನ್ನು ಹೇಳಿ, ಕೂಲಿ ಹಣ ವಾಪಸ್ ಕೊಟ್ಟು ಬರುವವರೆಗೆ ನನಗೆ ಊಟ ಸೇರಲಿಲ್ಲ. ಆ ವಾಷರು ಈಗಲೂ ನನ್ನ ಟೂಲ್ ಬಾಕ್ಸಿನಲ್ಲಿದೆ.

ಗೇಜು ಹೇಳುವುದು, ಹೇಳದಿರುವುದು

ಮೇಷ್ಟ್ರ ಕಾರಿಗೆ ಮರಳೋಣ. ನಾಬು ನೀಲಿಯಲ್ಲೇ ಇತ್ತು, ಗಾಳಿ ಜೋರಾಗಿತ್ತು, ಫ್ಯಾನ್ ತಿರುಗುತ್ತಿತ್ತು. ಕ್ಲಚ್ ಮಾತ್ರ ಹಿಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ದಪ್ಪ ಪೈಪು ಉಗುರುಬೆಚ್ಚಗಿತ್ತು. ಈಗ ಗೇಜು ಹಾಕುವ ಸರದಿ.

ನೀಲಿ ಗೇಜು ಕಡಿಮೆ ಒತ್ತಡದ ಬದಿಗೆ, ಕೆಂಪು ಗೇಜು ಹೆಚ್ಚು ಒತ್ತಡದ ಬದಿಗೆ. ಎಂಜಿನ್ ಆರಿಸಿದ್ದಾಗ ಎರಡೂ 115 ಪಿಎಸ್‌ಐ ಹತ್ತಿರ ನಿಂತವು. ಬೆಳಗಿನ ಹತ್ತು ಗಂಟೆ, ನೆರಳಿನಲ್ಲಿ 35 ಡಿಗ್ರಿ. ‘ನೋಡಪ್ಪ, ಇಷ್ಟೊಂದು ಪ್ರೆಷರ್ ಐತಲ್ಲ’ ಎಂದು ಮೇಷ್ಟ್ರು ಅಚ್ಚರಿಪಟ್ಟರು. ಬಹಳ ಮೆಕ್ಯಾನಿಕರೂ ಇಲ್ಲೇ ಎಡವುತ್ತಾರೆ. ಮನೆಯ ಅಡುಗೆ ಸಿಲಿಂಡರಿನಲ್ಲಿ ಒಂದು ಲೋಟ ದ್ರವ ಉಳಿದಿದ್ದರೂ ಒಲೆ ಜೋರಾಗಿಯೇ ಉರಿಯುತ್ತದಲ್ಲವೇ? ಒಳಗೆ ತೊಟ್ಟು ದ್ರವವಿರುವವರೆಗೆ ಒತ್ತಡವನ್ನು ತೀರ್ಮಾನಿಸುವುದು ಹವೆಯ ಬಿಸಿ. ಎಷ್ಟು ಗ್ಯಾಸ್ ಇದೆ ಎಂಬುದನ್ನು ನಿಂತ ಗೇಜು ಹೇಳುವುದಿಲ್ಲ.

ಎಂಜಿನ್ ಚಾಲೂ ಮಾಡಿದಾಗ ನಿಜ ಹೊರಬಿತ್ತು. 30ರಿಂದ 40ರ ಆಸುಪಾಸು ನಿಲ್ಲಬೇಕಾದ ನೀಲಿ ಮುಳ್ಳು 15ಕ್ಕೆ ಕುಸಿಯಿತು. 200 ದಾಟಬೇಕಾದ ಕೆಂಪು 130ರಲ್ಲೇ ತೆವಳಿತು. ಎರಡೂ ಕಡಿಮೆಯೆಂದರೆ ಗ್ಯಾಸ್ ಕೊರತೆ. ನೀಲಿ ಏರಿ ಕೆಂಪು ಇಳಿದಿದ್ದರೆ ಕಂಪ್ರೆಸರ್ ಸೋತಿದೆಯೆಂದು ಅರ್ಥ. ಎರಡೂ ಏರಿದ್ದರೆ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ, ಅಥವಾ ಯಾರೋ ಉದಾರವಾಗಿ ಗ್ಯಾಸ್ ಹೆಚ್ಚು ತುಂಬಿದ್ದಾರೆ. ಹೌದು, ಹೆಚ್ಚಾದರೂ ಗಾಳಿ ಬಿಸಿಯಾಗುತ್ತದೆ. ನೀಲಿ ಸೊನ್ನೆಗಿಂತ ಕೆಳಗೆ ಎಳೆದರೆ ದಾರಿಯಲ್ಲಿ ಎಲ್ಲೋ ಕಸ ಅಥವಾ ತೇವ ಸಿಕ್ಕಿಕೊಂಡಿದೆ.

ಮೆಷಿನಿನಿಂದ ಉಳಿದ ಗ್ಯಾಸನ್ನು ಹೊರಗೆಳೆದು ತೂಗಿದೆ. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ 450 ಗ್ರಾಂ ಎಂದು ಬರೆದಿತ್ತು. ಸಿಕ್ಕಿದ್ದು 170.

ಸೋಪಿನ ಗುಳ್ಳೆ

ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ. ಗ್ಯಾಸಿಗೆ ಬಣ್ಣವಿಲ್ಲ, ಆದರೆ ಅದರ ಜೊತೆಗೆ ಆಯಿಲೂ ಜಿನುಗುತ್ತದೆ. ಆಯಿಲ್ ಇದ್ದಲ್ಲಿ ಧೂಳು ಅಂಟುತ್ತದೆ. ಎಲ್ಲ ಪೈಪೂ ಒಣಗಿದ್ದು ಒಂದು ಜಾಯಿಂಟಿನಲ್ಲಿ ಮಾತ್ರ ಜಿಡ್ಡುಧೂಳು ಕಟ್ಟಿದ್ದರೆ ಅಲ್ಲಿ ನಿಲ್ಲಬೇಕು. ಕಲ್ಲು ಸಿಡಿದು ಪೆಟ್ಟಾದ ಕಂಡೆನ್ಸರ್, ಹಳೆಯ ರಬ್ಬರ್ ಉಂಗುರಗಳು, ಕಂಪ್ರೆಸರಿನ ಸೀಲು, ಇವು ಸಾಮಾನ್ಯ ಸಂಶಯಿತರು. ಕೂಲಿಂಗ್ ಕಾಯಿಲ್ ಸೋರಿದರೆ ಕಷ್ಟ, ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ.

ಮೇಷ್ಟ್ರ ಕಾರಿಗೆ ನೈಟ್ರೋಜನ್ ತುಂಬಿ, ಸೋಪಿನ ನೊರೆಯನ್ನು ಬ್ರಷ್ಷಿನಿಂದ ಜಾಯಿಂಟು ಜಾಯಿಂಟಿಗೂ ಹಚ್ಚುತ್ತಾ ಹೋದೆ. ಕಂಡೆನ್ಸರ್ ಸರಿ. ಡ್ರೈಯರ್ ಸರಿ. ಕಂಪ್ರೆಸರ್ ಸರಿ. ಗಂಟೆ ಹನ್ನೊಂದೂವರೆಯಾಯಿತು. ಮೇಷ್ಟ್ರು ಎರಡು ಸಲ ಚಾ ಕುಡಿದರು. ಕೊನೆಗೆ, ಗೇಜು ಬಿಚ್ಚಿದ ಜಾಗಕ್ಕೇ ನೊರೆ ಹಚ್ಚಿದೆ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಇನ್ನೊಂದು ಎದ್ದಿತು.

‘ಸಾರ್, ಬನ್ನಿ ಇಲ್ಲಿ. ನಿಮ್ಮ ಗ್ಯಾಸ್ ಹೋದ ದಾರಿ ನೋಡಿ.’

ಗ್ಯಾಸ್ ತುಂಬುವ ಬಾಯಿಯಲ್ಲಿ ಸೈಕಲ್ ಟ್ಯೂಬಿನಲ್ಲಿರುವಂಥ ಒಂದು ಪಿನ್ ವಾಲ್ವ್ ಇರುತ್ತದೆ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಈ ಕಾರಿಗೆ ಮುಚ್ಚಳವೇ ಇರಲಿಲ್ಲ. ಮೊದಲ ಸಲ ತುಂಬಿದವರು ತೆಗೆದಿಟ್ಟು ಮರೆತಿರಬೇಕು. ತೆರೆದ ಬಾಯಿಯಲ್ಲಿ ಧೂಳು ಕೂತು, ಮುಂದಿನ ಸಲ ಹೋಸು ಒತ್ತಿದಾಗ ಆ ಧೂಳೇ ವಾಲ್ವಿನ ರಬ್ಬರನ್ನು ಕಚ್ಚಿತ್ತು. ಗ್ಯಾಸ್ ಒಳಗೆ ಹೋದ ಬಾಯಿಂದಲೇ ಹೊರಗೆ ಹೋಗುತ್ತಿತ್ತು. ಮೇಷ್ಟ್ರು ಮೂರು ಸಲ ದುಡ್ಡು ಕೊಟ್ಟು ಆ ಬಾಗಿಲು ತೆರೆಸಿದ್ದರು. ಹೊಸ ಪಿನ್ನಿನ ಬೆಲೆ ಅವರು ಕುಡಿದ ಎರಡು ಚಾಕ್ಕಿಂತ ಸ್ವಲ್ಪ ಜಾಸ್ತಿ.

ತೂಕದ ಮಾತು

ತೂತು ಮುಚ್ಚಿದ ಮೇಲೆ ಗ್ಯಾಸ್ ತುಂಬುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಒತ್ತಡ ತೀರಾ ಇಳಿದಾಗ ಒಳಗಿನ ತೇವ ಸಾಮಾನ್ಯ ಬಿಸಿಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ತೇವ ಉಳಿದರೆ ಆಯಿಲನ್ನು ಕೆಡಿಸುತ್ತದೆ, ವಾಲ್ವಿನ ಸೂಜಿಗಣ್ಣಿನಲ್ಲಿ ಹಿಮವಾಗಿ ಕೂರುತ್ತದೆ. ಪಂಪು ನಿಲ್ಲಿಸಿದ ಮೇಲೆ ಮುಳ್ಳು ಕದಲದೆ ನಿಂತರೆ ಮಾತ್ರ ಮುಂದಿನ ಹೆಜ್ಜೆ. ಆಮೇಲೆ ತಕ್ಕಡಿಯಲ್ಲಿ ತೂಗಿ, ಚೀಟಿಯಲ್ಲಿರುವಷ್ಟೇ ಗ್ರಾಂ. ‘ಅಂದಾಜಿಗೆ ಹಾಕ್ತೀನಿ, ಪೈಪು ತಣ್ಣಗಾದ್ರೆ ನಿಲ್ಲಿಸ್ತೀನಿ’ ಅನ್ನುವ ಕಡೆ ಹೋಗಬೇಡಿ.

ತೀರಾ ಅಗ್ಗದ ಗ್ಯಾಸನ್ನೂ ನಂಬಬೇಡಿ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳ ಯಂತ್ರಗಳು ಸ್ಫೋಟಿಸಿ ಕೆಲಸಗಾರರು ಸತ್ತರು. ಅವುಗಳಲ್ಲಿ ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಗ್ಯಾಸ್ ತುಂಬಿದ್ದರು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ನಮ್ಮ ಕಾರುಗಳ ಕಂಡೆನ್ಸರೂ ಅಲ್ಯೂಮಿನಿಯಮ್ಮಿನದೇ.

ಸೋರಿದ ಗ್ಯಾಸ್ ಸುಮ್ಮನೆ ಮಾಯವಾಗುವುದೂ ಇಲ್ಲ. ನಾನು ಕೆಲಸ ಕಲಿಯುವಾಗ ಹಳೆಯ ಕಾರುಗಳಲ್ಲಿ ಆರ್-12 ಇತ್ತು. ಅದು ಓಜೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಜಗತ್ತು ಅದನ್ನು ಬಿಟ್ಟಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು, ಭಾರತವೂ ಒಪ್ಪಿದೆ. ಕಾರನ್ನು ತಂಪು ಮಾಡಲು ಹೋಗಿ ಊರನ್ನು ಕಾಯಿಸುವುದೆಂದರೆ ಇದೇ. ಬಳ್ಳಾರಿಯವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ಮಾತ್ರ ಕಡಿಮೆಯಾಗುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಅದಿರು ಹೊರುವ ಚಾಲಕರು ಅರ್ಧ ಜೀವಮಾನ ಬೆವರಿನಲ್ಲಿ ಕಳೆದವರು, ಅವರಿಗೆ ಬರಬೇಕಾದದ್ದೇ ಬಂತು. ವಿದ್ಯುತ್ ಕಾರುಗಳೂ ಬರುತ್ತಿವೆ. ಅವುಗಳ ಕಂಪ್ರೆಸರಿಗೆ ಬೆಲ್ಟಿಲ್ಲ, ಪ್ರಾಣ ತೆಗೆಯುವಷ್ಟು ವೋಲ್ಟೇಜಿದೆ, ಹಾಕುವ ಆಯಿಲೂ ಬೇರೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ ಎಂದು ನನ್ನ ಹುಡುಗರಿಗೆ ಹೇಳಿಟ್ಟಿದ್ದೇನೆ. ಮಿಕ್ಕಂತೆ ಅಲ್ಲಿಯೂ ಅದೇ ಪ್ರದಕ್ಷಿಣೆ, ಅದೇ ಹಮಾಲಿ ಕೆಲಸ.

ಮೇಷ್ಟ್ರ ಕಾರು ಮಧ್ಯಾಹ್ನ ಎರಡಕ್ಕೆ ತಯಾರಾಯಿತು. ಹೊರಗೆ 41 ಡಿಗ್ರಿ. ಗಾಳಿ ಬರುವ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿದೆ. ಹತ್ತು ನಿಮಿಷದಲ್ಲಿ 9 ತೋರಿಸಿತು. ಹೊರಡುವಾಗ ಮೇಷ್ಟ್ರು ಹೊಸ ಮುಚ್ಚಳವನ್ನು ತಾವೇ ತಿರುವಿ, ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿದರು.

ಮುಂದಿನ ಮಾರ್ಚ್‌ನಲ್ಲಿ ಅವರ ಫೋನು ಬಂತು. ಹೆಸರು ನೋಡಿ ಎದೆ ಧಸಕ್ಕೆಂದಿತು. ಮತ್ತೆ ಸೋರಿತೇ?

‘ನಮ್ದು ಚೆನ್ನಾಗೈತಪ್ಪ. ಅಳಿಯನ ಕಾರು ಬಿಸಿ ಗಾಳಿ ಬಿಡ್ತೈತೆ. ನಾಬು ನೀಲೀಲೇ ಐತೆ. ಕ್ಲಚ್ಚು ಟಕ್ ಅಂತೈತೆ. ದಪ್ಪ ಪೈಪು ಮುಟ್ಟಿ ನೋಡ್ದೆ, ಮಂಜು ಮುಟ್ಟಿದಂಗೈತೆ. ಅಂದ್ರೆ ಒಳಗಿನ ಬಾಗ್ಲು ಸಿಕ್ಕಾಕ್ಕೊಂಡೈತೆ, ಅಲ್ವಾ?’

‘ಕಳಿಸಿ ಸಾರ್’ ಅಂದೆ. ಆ ಬೇಸಿಗೆಯಲ್ಲಿ ಗ್ಯಾಸಿನ ರೇಟು ಕೇಳದೆ ಬಂದ ಮೊದಲ ಕರೆ ಅದು.